ಕುರ್ಚಿ ಮುಟ್ಟುವವರೆಗೆ

ನಮ್ಮ ಕ್ಲಬ್ಬಿನಲ್ಲಿ ಹಾಡು ಮುಗಿಯಬೇಕಾದ ಕಡೆ ಮುಗಿಯುತ್ತಿರಲಿಲ್ಲ. ಕುಣಿಯಲು ಎದ್ದವರಲ್ಲಿ ಕಡೆಯ ಜೋಡಿ ಹಿಂದಿರುಗಿ ಬಂದು ತಮ್ಮ ಕುರ್ಚಿಯಲ್ಲಿ ಕೂತ ಮೇಲೆಯೇ ಮುಗಿಯುತ್ತಿತ್ತು. ಇದು ಕ್ಲಬ್ಬಿನ ನಿಯಮವೇನಲ್ಲ, ಬ್ಯಾಂಡಿನವರು ತಮ್ಮಷ್ಟಕ್ಕೆ ತಾವೇ ಹಾಕಿಕೊಂಡ ಕಟ್ಟಳೆ. ಹಾಡಿನ ಕೊನೆಯ ಸಾಲು ಆಗಿಹೋದ ಮೇಲೂ ಡ್ರಮ್ಮಿನ ಮೇಲೆ ತಂತಿಯ ಬ್ರಶ್ಶು ಮೆಲ್ಲಗೆ ಸವರುತ್ತಲೇ ಇರುತ್ತಿತ್ತು. ಸ್ಯಾಕ್ಸೊಫೋನು ಅವೇ ಸ್ವರಗಳನ್ನು ಮಗ್ಗುಲು ಬದಲಿಸಿ ಬದಲಿಸಿ ಮಲಗಿಸುತ್ತಿತ್ತು. ದಾರಿಯಲ್ಲಿ ಯಾರಾದರೂ ನಿಂತು ಪಕ್ಕದ ಟೇಬಲಿನವರನ್ನು ಮಾತಾಡಿಸಿದರೆ ಇನ್ನೊಂದು ಸುತ್ತು. ಎಲ್ಲರ ಬೆನ್ನೂ ಕುರ್ಚಿಗೆ ತಗುಲಿತೆಂದು ಖಾತ್ರಿಯಾದ ಮೇಲೆ ಡ್ರಮ್ಮಿನವರು ಕಂಚಿನ ತಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಸದ್ದಡಗಿಸುತ್ತಿದ್ದರು. ಯಾರನ್ನೂ ನಡುನೆಲದಲ್ಲಿ ಬಿಟ್ಟು ಹೋಗಬಾರದು ಎಂಬುದು ಅವರ ಲೆಕ್ಕ.

ಆ ಡ್ರಮ್ಮಿನವರೇ ಬ್ಯಾಂಡಿನ ಮುಖ್ಯಸ್ಥರು. ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಿದ್ದರು. ಒಂದು ಕಾಲಕ್ಕೆ ವೇದಿಕೆ ತುಂಬುವಷ್ಟು ಜನರಿದ್ದ ಬ್ಯಾಂಡು ಅದು. ಊರಿನ ಬಾರುಗಳು ಒಂದೊಂದಾಗಿ ಬ್ಯಾಂಡನ್ನು ಬಿಡಿಸಿ ಟಿವಿ ತೂಗುಹಾಕಿದ ಹಾಗೆ ಇವರೂ ಕರಗುತ್ತ ಕರಗುತ್ತ ಮೂವರಿಗೆ ಬಂದಿದ್ದರು. ಸ್ಯಾಕ್ಸೊಫೋನಿಗೆ ಗುಂಡಣ್ಣ. ಊದಿ ಊದಿ ಕೆನ್ನೆಯೂ ಹೊಟ್ಟೆಯೂ ಒಂದೇ ಆಕಾರಕ್ಕೆ ಬಂದಿದ್ದರಿಂದ ಆ ಹೆಸರು. ಗಿಟಾರಿನವನು ಮಾಸ್ಟರ ಮಗಳ ಗಂಡ. ಹಾಗಾಗಿ ಅವನು ಇಡೀ ಕ್ಲಬ್ಬಿಗೇ ಅಳಿಯ. "ಅಳಿಯಾ, ಆ ಹಳೇದೊಂದು ನುಡಿಸಪ್ಪಾ" ಎಂದು ಮದುವೆಯೇ ಆಗದ ಮುದುಕರೂ ಕೂಗುತ್ತಿದ್ದರು.

ಈ ಮೂವರಿಗೆ ಉಳಿದಿದ್ದ ಜಾಗ ನಮ್ಮ ಕ್ಲಬ್ಬು ಒಂದೇ, ಅದೂ ಭಾನುವಾರ ಮಧ್ಯಾಹ್ನ ಮಾತ್ರ. ಸಂಜೆಯಾದರೆ ಚಿಕ್ಕ ವಯಸ್ಸಿನವರು ದೊಡ್ಡ ಪರದೆಯ ಮುಂದೆ ಆಟ ನೋಡಲು ಬರುತ್ತಾರೆ. ಅದಕ್ಕೂ ಮೊದಲು, ಊಟ ಮುಗಿದು ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ, ಬಾರಿನ ಪಕ್ಕದ ಉದ್ದ ಹಾಲಿನಲ್ಲಿ ನಮ್ಮಂಥವರ ಡ್ಯಾನ್ಸು. ಮರದ ನೆಲ, ಗೋಡೆಗುಂಟ ಕುರ್ಚಿಗಳು, ಕೊನೆಯಲ್ಲಿ ಮೊಣಕಾಲೆತ್ತರದ ವೇದಿಕೆ. ಬರುತ್ತಿದ್ದವರು ಅದೇ ಕೆಲವು ಜೋಡಿಗಳು. ಅವರಲ್ಲೂ ಹೆಚ್ಚಿನವರು ಕೂತು ನಿಂಬೆ ಶರಬತ್ತು ಕುಡಿದು ಇತರರ ಕುಣಿತವನ್ನು ವಿಮರ್ಶೆ ಮಾಡುವವರು. ತಪ್ಪದೆ ಏಳುತ್ತಿದ್ದವರು ನಾವಿಬ್ಬರೇ, ಇವರು ಮತ್ತು ನಾನು.

ಇವರು ಎಂದರೆ ನನ್ನ ಯಜಮಾನರು. ನೀರು ಸರಬರಾಜಿನ ಇಂಜಿನಿಯರಾಗಿದ್ದು ನಿವೃತ್ತರಾದವರು. ಹಿಂದೆ ಇದೇ ಕ್ಲಬ್ಬಿನ ಅಧ್ಯಕ್ಷರೂ ಆಗಿದ್ದರು. ಕುರ್ಚಿ ಬಿಟ್ಟು ಎಷ್ಟೋ ವರ್ಷವಾದರೂ ಇವರು ಕೆಮ್ಮಿದರೆ ಈಗಲೂ ಯಾರೋ ಒಬ್ಬರು ಫ್ಯಾನು ಆರಿಸುತ್ತಾರೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಎಲೆಯ ನರ, ಹೂವಿನ ಕೇಸರ ನೋಡಿ ನೋಡಿ ಸಣ್ಣ ಸಂಗತಿಗಳು ಬೇಗ ಕಣ್ಣಿಗೆ ಬೀಳುವ ಅಭ್ಯಾಸವಾಗಿದೆ. ಮನುಷ್ಯರು ಸದ್ದಿಲ್ಲದೆ ಒಬ್ಬರಿಗೊಬ್ಬರು ಮಾಡುವ ಉಪಕಾರವಂತೂ ನನ್ನ ಕಣ್ಣು ತಪ್ಪಿಸುವುದಿಲ್ಲವೆಂದು ನನಗೆ ಬಹಳ ನಂಬಿಕೆಯಿತ್ತು.

ಒಂದು ಸಲ ಇವರು ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಕೂತರು. ಒಂದೆರಡು ತಿಂಗಳು ಕ್ಲಬ್ಬು ತಪ್ಪಿತು. ಪ್ಲಾಸ್ಟರು ಬಿಚ್ಚಿ, ಇಬ್ಬರೂ ಮತ್ತೆ ನೆಲಕ್ಕೆ ಇಳಿದ ದಿನ ನನಗೆ ಏನೋ ಬೇರೆಯಾಗಿದೆ ಅನ್ನಿಸಿತು. ಹಾಡು ಅದೇ, ಆದರೆ ನಿಧಾನ. ತಿರುಗುವ ಕಡೆ ಇವರ ಹೆಜ್ಜೆ ಚಿಕ್ಕದಾಗಿತ್ತು. ಒಂದು ಕ್ಷಣ ನಿಂತು, ನನ್ನ ಸೊಂಟದ ಮೇಲಿನ ಕೈಯನ್ನು ಕೊಂಚ ಬಿಗಿ ಮಾಡಿ, ಆಮೇಲೆ ತಿರುಗುತ್ತಿದ್ದರು. ವೇದಿಕೆಯ ಕಡೆ ನೋಡಿದೆ. ಮಾಸ್ಟರ ಕಣ್ಣು ನಮ್ಮ ಪಾದಗಳ ಮೇಲಿತ್ತು. ನಾವು ನಿಂತಲ್ಲಿ ಬ್ರಶ್ಶು ನಿಂತಿತು, ನಾವು ತಿರುಗಿದ ಮೇಲೆ ಮುಂದಕ್ಕೆ ಹೋಯಿತು.

ನನಗೆ ಕಣ್ಣು ತುಂಬಿ ಬಂತು. ಪಾಪ, ಇವರ ಕಾಲು ಮೊದಲಿನ ಹಾಗಿಲ್ಲ. ಅದನ್ನು ಕಂಡು, ಇವರಿಗೆ ಗೊತ್ತಾಗದ ಹಾಗೆ, ಬ್ಯಾಂಡೇ ಹೆಜ್ಜೆ ತಗ್ಗಿಸಿದೆ! ಇವರಿಗೆ ತಿಳಿದರೆ ಆ ಕ್ಷಣವೇ ಕುಣಿಯುವುದನ್ನು ಬಿಟ್ಟುಬಿಡುವ ಮನುಷ್ಯ. ಬಿಟ್ಟರೆ ಮತ್ತೆ ಏಳುವವರಲ್ಲ. ನನಗೋ, ವಾರವೆಲ್ಲ ಔಷಧಿ, ಕರೆಂಟು ಬಿಲ್ಲು, ನೀರಿನ ಟ್ಯಾಂಕು ಎಂದು ಮಾತಾಡಿಕೊಳ್ಳುವ ನಾವಿಬ್ಬರು ಮಾತಿಲ್ಲದೆ ಹತ್ತಿರವಿರುವ ಹೊತ್ತು ಅದೊಂದೇ. ಅದನ್ನು ಕಳೆದುಕೊಳ್ಳಲು ನಾನು ಸಿದ್ಧಳಿರಲಿಲ್ಲ. ಆದ್ದರಿಂದ ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಅಲ್ಲ, ಕುರ್ಚಿಗೆ ಬಂದು ಕೂತ ಮೇಲೆ ಇವರೊಬ್ಬರಿಗೇ ದಣಿವು ಅನ್ನಿಸಬಾರದೆಂದು ನಾನೂ ಸ್ವಲ್ಪ ಏದುಸಿರು ಬಿಡುತ್ತಿದ್ದೆ, ಮಂಡಿ ನೀವಿಕೊಳ್ಳುತ್ತಿದ್ದೆ. ಅಭಿನಯ ಎಷ್ಟು ಚೆನ್ನಾಗಿತ್ತೆಂದರೆ ಮಂಡಿ ನಿಜವಾಗಿಯೂ ನೋಯುತ್ತಿತ್ತು.

ಆದರೆ ಇವರ ನಡವಳಿಕೆ ನನ್ನನ್ನು ಕಂಗೆಡಿಸುತ್ತಿತ್ತು. ಪ್ರತಿ ವಾರ ಕೂತ ಕೂಡಲೇ, ನಾನು ನೀರು ಕುಡಿಯುತ್ತಿರುವಾಗಲೇ, ಇವರು ಸುತ್ತಲಿನ ನಾಲ್ಕು ಟೇಬಲಿಗೆ ಕೇಳುವ ಹಾಗೆ ಶುರುಮಾಡುತ್ತಿದ್ದರು.

"ಏನೇ ಇದು! ಈ ಮಾಸ್ಟರ್‌ಗೆ ವಯಸ್ಸಾಯ್ತು ಕಣೇ. ತಾಳ ಎಳೀತಾನೆ. ಡ್ರಮ್ ಬಾರಿಸ್ತಾನೋ ನಿದ್ದೆ ಮಾಡ್ತಾನೋ ಗೊತ್ತಾಗಲ್ಲ."

"ಮೆಲ್ಲಗೆ ಮಾತಾಡ್ರೀ. ಕೇಳಿಸುತ್ತೆ."

"ಕೇಳಿಸ್ಲಿ. ಹಾಡು ಹೀಗೆ ತೆವಳಿದ್ರೆ ಯಾರಿಗಾದ್ರೂ ಕಾಲು ಜೋಮು ಹಿಡಿಯುತ್ತೆ. ನಿನ್ನ ಮಂಡಿ ನೋಯೋದೂ ಅದಕ್ಕೇ."

ಯಾರು ತಮ್ಮ ಮಾನ ಕಾಯುತ್ತಿದ್ದಾರೋ ಅವರನ್ನೇ ಬೈಯುತ್ತಿದ್ದಾರಲ್ಲ ಎಂದು ನಾನು ಇವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ಮಾಸ್ಟರು ಮಾತ್ರ ವೇದಿಕೆಯ ಮೇಲಿಂದ ಮುಗುಳ್ನಗುತ್ತ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು.

ಇವರ ಮಾತು ಬಿದ್ದದ್ದು ಕಾರ್ಯದರ್ಶಿಯ ಕಿವಿಗೆ. ಟೈಲ್ಸ್ ಅಂಗಡಿ ಇಟ್ಟಿರುವ ಆತ, ನೀವು ಬಾಯಿ ತೆರೆಯುವ ಮೊದಲೇ ಹೌದು ಹೌದೆನ್ನುವ ಜಾತಿಯ ಒಳ್ಳೆಯ ಮನುಷ್ಯ. ಮಾಜಿ ಅಧ್ಯಕ್ಷರಿಗೆ ಬೇಸರವಾಗಿದೆ ಎಂದರೆ ಅವನಿಗೆ ನಿದ್ದೆ ಹತ್ತುವುದಿಲ್ಲ. ಒಂದು ಭಾನುವಾರ ಬಿಡುವಿನಲ್ಲಿ ನಮ್ಮ ಟೇಬಲಿಗೆ ಬಂದು, ಗುಟ್ಟು ಹೇಳುವವನಂತೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಸರ್, ನಿಮ್ಮ ಮಾತು ಕಮಿಟೀಲಿ ಇಟ್ಟೆ. ಎಲ್ಲರೂ ಒಪ್ಪಿದ್ರು. ನಿಧಾನ ಅಂತ ಅವರಿಗೂ ಅನ್ನಿಸ್ತಿತ್ತಂತೆ, ಹೇಳೋಕೆ ಸಂಕೋಚ. ಮುಂದಿನ ತಿಂಗಳಿಂದ ಬ್ಯಾಂಡಿನ ಬದಲು ಹಾಡು ಹಾಕೋ ಮಿಷಿನ್ ಬರುತ್ತೆ. ಯಾವ ಹಾಡು ಬೇಕೋ ಅದು, ಒಂದು ಚೂರು ತಾಳ ತಪ್ಪಲ್ಲ. ಬೇರೆ ಕ್ಲಬ್ಬುಗಳೆಲ್ಲ ಹಾಕ್ಸಿ ಯಾವ ಕಾಲ ಆಯ್ತು. ನೀವು ಬಾಯಿಬಿಟ್ಟು ಹೇಳಿದ್ದು ಒಳ್ಳೇದಾಯ್ತು ಸರ್."

ಇವರ ಕೈಯಲ್ಲಿದ್ದ ಲೋಟ ಅಲ್ಲಿಯೇ ನಿಂತಿತು. "ನಾನು... ಹಾಗೆ ಹೇಳಿದ್ನೇ?"

"ಹೇಳಿದ್ರಿ ಸರ್. ಪ್ರತಿವಾರ."

ಇವರು ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ. ಇವರು ಏನೋ ಹೇಳಲು ಹೊರಟು, ಲೋಟ ಕೆಳಗಿಟ್ಟು, "ಏನೋ, ನಿಮ್ಮ ಇಷ್ಟ" ಎಂದರು. ತಪ್ಪಾಯಿತೆಂದು ಹೇಳಲು ಅಹಂಕಾರ ಬಿಡುವುದಿಲ್ಲ ಎಂದುಕೊಂಡೆ. ನಾನಾದರೂ ಬಾಯಿ ತೆರೆಯಬಹುದಿತ್ತು. ಆದರೆ ಇವರೆದುರಿಗೆ, ಇವರ ಕಾಲಿನ ವಿಷಯ, ಟೈಲ್ಸ್ ಅಂಗಡಿಯವನಿಗೆ?

ಮರುದಿನ ಬೆಳಿಗ್ಗೆ ತರಕಾರಿಗೆಂದು ಹೊರಟವಳು ಮಾಸ್ಟರ ಮನೆಗೆ ಹೋದೆ. ಬೀದಿಗೆ ತೆರೆದುಕೊಳ್ಳುವ ಒಂದು ಕೋಣೆ, ಹಿಂದೆ ಅಡುಗೆಮನೆ. ಮುಂದಿನ ಕೋಣೆಯಲ್ಲೇ ಮಾಸ್ಟರ ಹೆಂಡತಿಯ ಹೊಲಿಗೆ ಮೆಷಿನ್ನು, ಅದರ ಪಕ್ಕ ಬಟ್ಟೆ ಹೊದಿಸಿದ ಡ್ರಮ್ಮು, ಡ್ರಮ್ಮಿನ ಸ್ಟೂಲಿನ ಮೇಲೆ ಮಾಸ್ಟರು. ಆಕೆ ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು, ಬಂದವರಿಗೆಂದಿದ್ದ ಎರಡು ಕುರ್ಚಿಗಳಲ್ಲಿ ಅಲುಗಾಡದ ಕುರ್ಚಿಯನ್ನು ನನ್ನ ಕಡೆ ಸರಿಸಿ, ಮತ್ತೆ ಹೊಲಿಗೆಗೆ ಕೂತರು.

"ಮಾಸ್ಟರ್, ನಾನು ಇವರಿಗೆ ನಿಜ ಹೇಳಿಬಿಡ್ತೀನಿ," ಎಂದೆ. "ನಿಮ್ಮ ಕೆಲಸ ಹೋಗೋದು ನೋಡ್ಕೊಂಡು ಕೂತ್ಕೊಳ್ಳೋಕಾಗಲ್ಲ."

"ಯಾವ ನಿಜ ಅಮ್ಮಾ?"

"ನೀವು ಕಾಲು ನೋಡ್ಕೊಂಡು ನಿಧಾನ ಮಾಡ್ತೀರಿ ಅನ್ನೋದು. ನನಗೆ ಮೊದಲ ದಿನವೇ ಗೊತ್ತಾಯ್ತು."

ಮಾಸ್ಟರು ಹೆಂಡತಿಯ ಕಡೆ ನೋಡಿದರು. ಆಕೆಯ ಕಾಲು ಹೊಲಿಗೆ ಮೆಷಿನ್ನಿನ ಮೇಲೆ ನಿಂತುಬಿಟ್ಟಿತು.

"ಗೊತ್ತಾಯ್ತಾ ಅಮ್ಮಾ? ನಿಮಗೇ?" ಎಂದು ಆಕೆ ಕೇಳಿದರು, ಅಳುಕುತ್ತ.

"ಗೊತ್ತಾಗದೆ ಏನು? ಪಾಪ, ಬಿದ್ದ ಮೇಲೆ ಇವರ ಕಾಲು ಮೊದಲಿನ ಹಾಗಿಲ್ಲ. ಇವರಿಗೆ ಮಾತ್ರ ಅದರ ಪರಿವೆಯೇ ಇಲ್ಲ, ನಿಮ್ಮನ್ನೇ ಬೈತಾರೆ."

ಆಕೆ ತಟ್ಟನೆ ಬಗ್ಗಿ ದಾರದ ತುದಿಯನ್ನು ಹಲ್ಲಿನಿಂದ ಕಡಿಯತೊಡಗಿದರು. ಆ ದಾರ ಬಹಳ ಹೊತ್ತು ತುಂಡಾಗಲಿಲ್ಲ. ಮಾಸ್ಟರು ತಲೆ ಕೆರೆದುಕೊಂಡರು.

"ಅಮ್ಮಾ, ಹೇಳಬೇಡಿ. ಕಾಲು ಯಾರದು, ಏನಾಗಿದೆ ಅಂತ ಹೇಳೋದು ಬ್ಯಾಂಡಿನವರ ಕೆಲಸ ಅಲ್ಲ. ಹೇಳಿದ್ರೆ ಏನಾಗುತ್ತೆ? ನೀವಿಬ್ಬರೂ ಕೂತುಬಿಡ್ತೀರಿ. ನೀವು ಕೂತ್ರೆ ನೆಲ ಖಾಲಿ. ಖಾಲಿ ನೆಲಕ್ಕೆ ಬ್ಯಾಂಡು ಯಾಕೆ ಅಂತ ಆಗಲೂ ನಮ್ಮನ್ನ ಕಳಿಸ್ತಾರೆ."

"ಹಾಗಾದ್ರೆ ಸುಮ್ಮನೆ ಹೋಗ್ತೀರಾ?"

"ಎಲ್ಲಾ ಕಡೆಯಿಂದ ಹಾಗೇ ಬಂದಿದ್ದೀವಿ. ಸ್ಟೇಷನ್ ಎದುರಿನ ಬಾರಲ್ಲಿ ನಾವು ಬಾರಿಸ್ತಾ ಇರೋವಾಗ್ಲೇ ಗೋಡೆಗೆ ಮೊಳೆ ಹೊಡೆದು ಟಿವಿ ಹಾಕಿದ್ರು. ಮೊಳೆ ಹೊಡೆಯೋನು ಒಳ್ಳೆಯವನು, ತಾಳಕ್ಕೇ ಹೊಡೆದ." ಅವರು ನಕ್ಕರು. "ಇಲ್ಲಿ ಕಮಿಟಿಯವರು ಬೀಳ್ಕೊಡುಗೆ ಮಾಡ್ತಾರಂತೆ. ಅಷ್ಟು ಮರ್ಯಾದೆ ಬೇರೆ ಎಲ್ಲೂ ಸಿಕ್ಕಿರಲಿಲ್ಲ."

ಬೀಳ್ಕೊಡುಗೆಯೂ ಆಯಿತು. ಕಾರ್ಯದರ್ಶಿ ಭಾಷಣದಲ್ಲಿ ಜೀವಂತ ಸಂಗೀತಕ್ಕೆ ಸಮಾನವಾದದ್ದು ಯಾವುದೂ ಇಲ್ಲ ಎಂದ. ಮಾರ್ಗದರ್ಶನ ಮಾಡಿದ ಮಾಜಿ ಅಧ್ಯಕ್ಷರಿಗೆ ಕೃತಜ್ಞತೆ ಹೇಳಿದ. ಇವರು ನೆಲ ನೋಡುತ್ತ ಕೂತಿದ್ದರು. ತಾಳ ಎಳೆಯುತ್ತಾರೆಂದು ಕಳಿಸುತ್ತಿದ್ದ ಮಾಸ್ಟರಿಗೆ ಕ್ಲಬ್ಬಿನ ಪರವಾಗಿ ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ಅವರು ಮಗುವಿನ ಹಾಗೆ ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಗುಂಡಣ್ಣನ ಸ್ಯಾಕ್ಸೊಫೋನಿನ ಪೆಟ್ಟಿಗೆಯನ್ನೂ ಹಿಡಿದು ಮೆಟ್ಟಿಲಿಳಿದರು. ಗುಂಡಣ್ಣ ಕಣ್ಣೊರೆಸಿಕೊಳ್ಳಲು ಎರಡೂ ಕೈ ಬೇಕಾಗಿತ್ತು.

ಮಿಷಿನ್ನು ಬಂತು. ಅಲಮಾರಿನಷ್ಟು ಎತ್ತರ, ಮೈತುಂಬ ಬಣ್ಣದ ದೀಪ. ಅದರ ಎದೆಯ ಮೇಲೆ ಒಂದು ಬ್ಯಾಂಡಿನ ಚಿತ್ರ ಅಂಟಿಸಿದ್ದರು. ಚಿತ್ರದಲ್ಲಿ ಐದು ಜನ ಇದ್ದರು, ನಮ್ಮ ಬ್ಯಾಂಡಿಗಿಂತ ಇಬ್ಬರು ಜಾಸ್ತಿ. ಕ್ಲಬ್ಬಿನ ಹೊರಗೆ 'ಭಾನುವಾರ ಲೈವ್ ಬ್ಯಾಂಡ್' ಎಂಬ ಫಲಕವನ್ನು ಹಾಗೆಯೇ ಬಿಟ್ಟರು. ತೆಗೆಯಲು ಏಣಿ ಇರಲಿಲ್ಲವಂತೆ. ಮಿಷಿನ್ನಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಹಾಡು ಮುಗಿದ ಕೂಡಲೇ ಅದರೊಳಗಿಂದ ಸಾವಿರ ಜನ ಚಪ್ಪಾಳೆ ತಟ್ಟಿ ಶಿಳ್ಳೆ ಹಾಕುತ್ತಿದ್ದರು. ನಾವು ಹತ್ತು ಹನ್ನೆರಡು ಜನ ಕೈ ಮಡಿಲಲ್ಲಿಟ್ಟುಕೊಂಡು ಅದನ್ನು ಕೇಳುತ್ತಿದ್ದೆವು. ನಾವು ತಟ್ಟುವ ಅಗತ್ಯವೇ ಉಳಿಯಲಿಲ್ಲ.

ಮೊದಲ ಭಾನುವಾರ ಇವರು ಏಳಲು ಹಿಂದೆಮುಂದೆ ನೋಡಿದರು. ನಾನೇ ಎಬ್ಬಿಸಿದೆ. ಹಾಡು ನಮ್ಮ ಹಳೆಯದೇ, ಆದರೆ ಬಸ್ಸು ಹಿಡಿಯಲು ಓಡುವವರ ಹಾಗೆ ಹೋಗುತ್ತಿತ್ತು. ಒಂದು ತಿರುವಿನಲ್ಲಿ ನನ್ನ ಕಾಲು ಇವರ ಕಾಲಿಗೆ ತೊಡರಿತು. ಇವರೇ ತಡವರಿಸಿದರೆಂದುಕೊಂಡು ನಾನು ಗಟ್ಟಿಯಾಗಿ ಹಿಡಿದುಕೊಂಡೆ, ಇವರೂ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇನ್ನೂ ನಡುನೆಲದಲ್ಲಿರುವಾಗಲೇ ಹಾಡು ಕತ್ತರಿಸಿದ ಹಾಗೆ ನಿಂತಿತು. ಸಾವಿರ ಜನ ಚಪ್ಪಾಳೆ ಹೊಡೆದರು. ಆಮೇಲೆ ಮೌನ. ಅಲ್ಲಿಂದ ಕುರ್ಚಿಯವರೆಗೆ ನಾವಿಬ್ಬರೂ ಸದ್ದಿಲ್ಲದ ಹಾಲಿನಲ್ಲಿ ನಡೆದು ಬಂದೆವು. ಆ ನೆಲ ಅಷ್ಟು ಅಗಲವಿದೆಯೆಂದು ನನಗೆ ಅಂದೇ ಗೊತ್ತಾದದ್ದು.

"ಈ ಮಿಷಿನ್ ಓಡುತ್ತೆ ಕಣೇ," ಎಂದರು ಇವರು ದೊಡ್ಡ ದನಿಯಲ್ಲಿ. "ಏನೋ ದೋಷ ಇದೆ ಇದರಲ್ಲಿ."

"ಹೌದು ಸರ್, ಒಂಚೂರು ಜೋರೇ," ಎಂದ ಕಾರ್ಯದರ್ಶಿ ಆಚೆ ಟೇಬಲಿನಿಂದ. ಬ್ಯಾಂಡು ನಿಧಾನವೆಂದು ಒಪ್ಪಿದ್ದ ಎಲ್ಲರೂ ಮಿಷಿನ್ನು ಜೋರೆಂದು ಒಪ್ಪಿದರು.

ಮುಂದಿನ ವಾರ ನಾನೊಂದು ಉಪಾಯ ಮಾಡಿದೆ. ಇವರು ಎಲ್ಲರೆದುರು ಎಡವಿ ಅವಮಾನಪಡುವುದಕ್ಕಿಂತ, "ನನ್ನ ಮಂಡಿ ಹಿಡಿದುಬಿಟ್ಟಿದೆ, ಇವತ್ತು ಆಗಲ್ಲ" ಎಂದುಬಿಟ್ಟೆ. ಇವರ ಮುಖದಲ್ಲಿ ಸಮಾಧಾನ ಕಂಡಿತು. ಸದ್ಯ ಬಚಾವಾದರು ಎಂದುಕೊಂಡೆ. ಆದರೆ ಕಾರ್ಯದರ್ಶಿಯ ಹೆಂಡತಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬಾಯಿ ಜೋರಿನ, ಮನಸ್ಸು ಬಿಚ್ಚಿದ ಹೆಂಗಸು.

"ಆಂಟಿಗೆ ಮಂಡಿ ನೋವಾದ್ರೆ ಅಂಕಲ್ ಯಾಕೆ ಕೂತಿರ್ಬೇಕು? ಏಳಿ. ನಮ್ಮೆಜಮಾನ್ರು ಟೈಲ್ಸ್ ಮೇಲೆ ಕಾಲಿಟ್ಟರೆ ಟೈಲ್ಸೇ ಒಡೆಯುತ್ತೆ, ಅವರ ಜೊತೆ ನಾನು ಕುಣಿಯೋದು ಹೇಗೆ?"

ಬೇಡವೆನ್ನಲು ನನಗೆ ನೆಪ ಸಿಗುವುದರೊಳಗೆ ಇವರನ್ನು ಎಳೆದುಕೊಂಡು ಹೋದಳು. ಮಿಷಿನ್ನು ಅದೇ ಓಟದ ಹಾಡು ಹಾಕಿತು. ನಾನು ಕುರ್ಚಿಯ ಅಂಚಿಗೆ ಬಂದೆ, ಇವರು ಬಿದ್ದರೆ ಓಡಬೇಕಲ್ಲ ಎಂದು.

ಇವರು ಬೀಳಲಿಲ್ಲ. ಮೊದಲ ತಿರುವಿಗೆ ಇವರ ಹಿಮ್ಮಡಿ ನೆಲದಿಂದ ಒಂದಿಷ್ಟೇ ಎದ್ದು, ಮುಂಗಾಲಿನ ಮೇಲೆ ಇಡೀ ಮೈ ಬಾಗಿಲಿನ ಹಾಗೆ ತಿರುಗಿತು. ನಡುವೆ ನಿಲ್ಲಲಿಲ್ಲ, ಕೈ ಬಿಗಿಯಲಿಲ್ಲ. ಎರಡನೆಯ ತಿರುವು, ಮೂರನೆಯದು. ಹೆಜ್ಜೆ ಉದ್ದವಾಗಿತ್ತು. ಕಾರ್ಯದರ್ಶಿಯ ಹೆಂಡತಿ "ಅಬ್ಬಬ್ಬಾ ಅಂಕಲ್!" ಎಂದು ನಗುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನಾನು ಕಂಡಿದ್ದ ಕಾಲುಗಳೇ ಅವು. ಬಿದ್ದ ಕಾಲು ಯಾವುದೆಂದು ಎಷ್ಟು ನೋಡಿದರೂ ಗೊತ್ತಾಗಲಿಲ್ಲ.

ನಾನು ನಿಧಾನವಾಗಿ ತಲೆ ತಗ್ಗಿಸಿ ನನ್ನ ಪಾದಗಳನ್ನು ನೋಡಿಕೊಂಡೆ. ಚಪ್ಪಲಿಯ ಪಟ್ಟಿಯೊಳಗೆ ಕೊಂಚ ಊದಿಕೊಂಡು, ಒಂದರ ಪಕ್ಕ ಒಂದು, ಏನೂ ಅರಿಯದವರ ಹಾಗೆ ಕೂತಿದ್ದವು. ಮಾಸ್ಟರ ಹೆಂಡತಿ ದಾರ ಕಡಿದದ್ದು ನೆನಪಾಯಿತು. "ನಿಮಗೇ?" ಎಂದು ಕೇಳಿದ್ದೂ ನೆನಪಾಯಿತು. ಎಲೆಯ ನರ ಹುಡುಕಿಕೊಂಡಿದ್ದ ನಾನು ಮರವನ್ನೇ ನೋಡಿರಲಿಲ್ಲ.

ಮನೆಗೆ ನಡೆದು ಹೋಗುವಾಗ ಕೇಳಿದೆ, "ನಿಮ್ಮ ಕಾಲಿಗೆ ಏನೂ ಆಗಿಲ್ಲ, ಅಲ್ವಾ?"

"ಯಾವ ಕಾಲಿಗೆ?"

"ಬಿದ್ದ ಕಾಲಿಗೆ."

"ಅದು ಸರಿಹೋಗಿ ಯಾವ ಕಾಲ ಆಯ್ತು! ಡಾಕ್ಟರ್ ಹೇಳಿದಾಗ ನೀನೂ ಪಕ್ಕದಲ್ಲೇ ಇದ್ಯಲ್ಲ."

"ಮತ್ತೆ ತಿರುಗೋವಾಗ ನಿಲ್ತಿದ್ರಲ್ಲ?"

ಇವರು ರಸ್ತೆಯ ಕಲ್ಲೊಂದನ್ನು ಕಾಲಿನಿಂದ ಬದಿಗೆ ಸರಿಸಿದರು, ನಾನು ಅದರ ಮೇಲೆ ಕಾಲಿಡಬಾರದೆಂದು. ಇಂಥ ಕಲ್ಲುಗಳನ್ನು ಇವರು ಎಷ್ಟು ದಿನದಿಂದ ಸರಿಸುತ್ತಿದ್ದಾರೆ ಎಂದು ಯೋಚಿಸಿದೆ.

"ಸರಿ. ಹಾಗಾದ್ರೆ ಪ್ರತಿವಾರ ಮಾಸ್ಟರ್‌ನ ಯಾಕೆ ಬೈತಿದ್ರಿ?"

"ನೀನು ಏದುಸಿರು ಬಿಡ್ತಾ ಕೂತಿರ್ತಿದ್ದೆ. ಮಂಡಿ ನೀವ್ಕೋತಾ ಇರ್ತಿದ್ದೆ. ಏನಾದ್ರೂ ಅನ್ನಬೇಕಲ್ಲ! ನಿನಗೆ ವಯಸ್ಸಾಯ್ತು ಅನ್ನೋದಕ್ಕಿಂತ ಮಾಸ್ಟರ್‌ಗೆ ವಯಸ್ಸಾಯ್ತು ಅನ್ನೋದು ಸುಲಭ. ಅವನಿಗೆ ಗೊತ್ತಿತ್ತು ಕಣೇ. ನಾನು ಬೈದಾಗೆಲ್ಲ ಅಲ್ಲಿಂದ್ಲೇ ನಗ್ತಿರಲಿಲ್ವಾ?"

"ನಾನು ಏದುಸಿರು ಬಿಡ್ತಿದ್ದದ್ದು ನಿಮಗೋಸ್ಕರ!"

"ನನಗೋಸ್ಕರ ನೀನು ಉಸಿರು ಬಿಡೋದೇನು? ನನ್ನ ಉಸಿರು ನಾನೇ ಬಿಡ್ತೀನಿ."

ಹೇಳಿದೆ. ಎಲ್ಲವನ್ನೂ ಹೇಳಿದೆ. ಇವರು ಬೀದಿದೀಪದ ಕಂಬಕ್ಕೆ ಕೈಕೊಟ್ಟು ನಿಂತು ಕೇಳಿದರು. ನಗುತ್ತಾರೆಂದುಕೊಂಡೆ. ನಗಲಿಲ್ಲ.

"ಕಾರ್ಯದರ್ಶಿ ಬಂದು ಹೇಳಿದ ದಿನ, ಬ್ಯಾಂಡ್ ಸರಿಯಾಗೇ ಇದೆ ಅಂತ ಹೇಳೋಕೆ ಹೊರಟಿದ್ದೆ," ಎಂದರು. "ಮತ್ತೆ ಯಾಕೆ ಬೈತಿದ್ರಿ ಅಂತ ಕೇಳ್ತಾನೆ. ನೀನು ಪಕ್ಕದಲ್ಲೇ ಕೂತಿದ್ದೆ. ಏನು ಹೇಳ್ಲಿ?"

"ನಾನೂ ನೀವು ಪಕ್ಕದಲ್ಲಿದ್ದೀರಿ ಅಂತಲೇ ಸುಮ್ಮನಾದೆ."

ಇವರು ನನ್ನ ಮರ್ಯಾದೆ ಕಾದರು, ನಾನು ಇವರದು ಕಾದೆ, ಮಾಸ್ಟರು ನಮ್ಮಿಬ್ಬರದನ್ನೂ ಕಾದರು. ಇಷ್ಟು ಜನ ಸೇರಿ ಕಾದದ್ದರಲ್ಲಿ ಮೂವರ ಕೆಲಸ ಹೋಯಿತು.

ಮಾರನೆಯ ದಿನ ಇಬ್ಬರೂ ಕಾರ್ಯದರ್ಶಿಯ ಅಂಗಡಿಗೆ ಹೋದೆವು. ಟೈಲ್ಸಿನ ಮಾದರಿಗಳ ನಡುವೆ ನಿಂತು ನಾನೇ ಹೇಳಿದೆ, ನಿಧಾನವಾಗಿದ್ದದ್ದು ಬ್ಯಾಂಡಲ್ಲ, ನಾನು. ಅವರು ನನಗಾಗಿ ತಾಳ ತಗ್ಗಿಸಿದರು. ಆತ ಎರಡೂ ಕೈ ಅಡ್ಡಡ್ಡ ಆಡಿಸಿದ.

"ಛೆ ಛೆ, ಎಂಥ ಮಾತು ಆಂಟಿ! ನಿಮ್ಮ ಡ್ಯಾನ್ಸ್ ಅಂದ್ರೆ ಏನು! ಬ್ಯಾಂಡಿನವರ ಮೇಲಿನ ಕನಿಕರಕ್ಕೆ ನಿಮ್ಮ ಮೇಲೆ ಹಾಕ್ಕೋತಿದ್ದೀರಿ. ದೊಡ್ಡ ಮನಸ್ಸು."

"ನಿಜವಾಗ್ಲೂ ಕಣಪ್ಪಾ. ಇವರನ್ನ ಕೇಳು."

"ಹೌದಯ್ಯಾ," ಎಂದರು ಇವರು, "ಇವಳೇ ನಿಧಾನ." ಹೇಳಿದ ಮೇಲೆ ನನ್ನ ಕಡೆ ನೋಡಲಿಲ್ಲ.

"ಸರ್, ನೀವೂನಾ! ಹೆಂಡತಿ ಮಾತಿಗೆ ಹೂಂ ಅನ್ನೋದು ನಾನೂ ಮಾಡ್ತೀನಿ ಬಿಡಿ." ಆತ ನಮ್ಮಿಬ್ಬರಿಗೂ ಟೀ ತರಿಸಿದ. "ಈಗ ಏನೂ ಮಾಡೋಕಾಗಲ್ಲ ಸರ್. ವೇದಿಕೆ ಕಿತ್ತು ಅಲ್ಲಿ ಬಿಯರ್ ಫ್ರಿಜ್ ಇಡಿಸ್ತಿದ್ದೀವಿ. ಟೈಲ್ಸ್ ನಮ್ಮದೇ, ಕ್ಲಬ್ಬಿಗೆ ಉಚಿತ."

ಹುಟ್ಟಾ ಹೌದೆನ್ನುವ ಮನುಷ್ಯ ಜೀವಮಾನದಲ್ಲಿ ಒಂದು ಸಲ ಅಲ್ಲವೆಂದದ್ದು, ಅದೂ ನನ್ನ ಮೇಲಿನ ಗೌರವಕ್ಕೆ.

ಭಾನುವಾರ ಮಧ್ಯಾಹ್ನ ಇವರು ಎಂದಿನಂತೆ ಶೂ ಪಾಲಿಶ್ ಮಾಡಿದರು. ನಾನು ಎಂದಿನಂತೆ ಕೂದಲು ಬಾಚಿಕೊಂಡೆ. ಕ್ಲಬ್ಬಿನ ತಿರುವಿನಲ್ಲಿ ಇಬ್ಬರೂ ಮಾತಾಡದೆ ಮಾಸ್ಟರ ಬೀದಿಗೆ ಹೊರಳಿದೆವು.

ಮೂವರೂ ಅಲ್ಲೇ ಇದ್ದರು. ಭಾನುವಾರ ಆ ಹೊತ್ತಿಗೆ ಬೇರೆಲ್ಲಿ ಇರಬೇಕೆಂದು ಅವರಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ. ಗುಂಡಣ್ಣ ಈಗ ಡ್ರೈವಿಂಗ್ ಶಾಲೆಯಲ್ಲಿ ಕಲಿಯುವವರ ಪಕ್ಕ ಕೂರುತ್ತಾನಂತೆ. ಅಳಿಯನಿಗೆ ಕಿವಿ ಚೆನ್ನಾಗಿದೆಯೆಂದು ಆ ಮಿಷಿನ್ನಿನ ಕಂಪನಿಯವರೇ ಕೆಲಸ ಕೊಟ್ಟಿದ್ದರು. ಬೇರೆ ಬೇರೆ ಬಾರುಗಳಿಗೆ ಹೋಗಿ ಅದನ್ನು ಕೂಡಿಸಿ ಬರುವುದು ಅವನ ಕೆಲಸ.

"ಹೋದಲ್ಲೆಲ್ಲ ಒಂದು ಬ್ಯಾಂಡಿನವರು ಪೆಟ್ಟಿಗೆ ಕಟ್ತಿರ್ತಾರೆ ಅಜ್ಜಿ," ಎಂದ ಅಳಿಯ. "ನಾನೇ ಹೋಗಿ ಆ ಕಡೆ ಹಿಡ್ಕೋತೀನಿ. ಮೆಟ್ಟಿಲು ಇಳಿಸೋದು ಕಷ್ಟ, ನನಗೆ ಗೊತ್ತಲ್ಲ."

"ಮಿಷಿನ್ ನಿಧಾನ ಮಾಡೋಕೆ ಬರಲ್ವೇನೋ?" ಎಂದು ಇವರು ಕೇಳಿದರು.

"ಬರುತ್ತೆ ತಾತಾ, ಹಿಂದೆ ಒಂದು ಗುಂಡಿ ಇದೆ. ಆದ್ರೆ ಎಷ್ಟು ನಿಧಾನ ಅಂತ ಯಾರಾದ್ರೂ ಕೂತು ನೋಡ್ತಿರ್ಬೇಕಲ್ಲ."

ನಾನು ಮಾಸ್ಟರ ಮುಂದೆ ನಿಂತು, ಕಾಲು ನನ್ನದೆಂದು ಗೊತ್ತಾಯಿತು ಎಂದೆ. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಂತೂ! ಅವತ್ತು ನಗು ತಡೆಯೋಕೆ ದಾರ ಕಚ್ಚಿ ನನ್ನ ಹಲ್ಲೇ ಸಡಿಲ ಆಗಿದೆ ಅಮ್ಮಾ" ಎಂದರು. ಎಲ್ಲರೂ ನಕ್ಕರು. ಮಾಸ್ಟರು ಮಾತ್ರ ನಾಚಿಕೊಂಡರು, ಕದ್ದದ್ದು ಸಿಕ್ಕಿಬಿದ್ದವರ ಹಾಗೆ.

"ಮಾಸ್ಟರ್," ಎಂದರು ಇವರು, "ನನ್ನ ಬಾಯಿಂದ ನಿಮಗೆ..."

"ಬಿಡಿ ಸರ್. ನೀವು ಬೈದಾಗೆಲ್ಲ ಅಮ್ಮ ನಿಮ್ಮ ಜೊತೆ ಜಗಳಕ್ಕೆ ನಿಲ್ತಿದ್ರು. ಮಂಡಿ ನೋವು ಮರೆತೇಹೋಗ್ತಿತ್ತು. ಅದೂ ನೋಡಿದ್ದೀನಿ."

"ಒಂದು ಹಾಡು ಬಾರಿಸಿ," ಎಂದೆ ನಾನು. "ಆದ್ರೆ ಅದರ ಓಟದಲ್ಲೇ ಬಾರಿಸ್ಬೇಕು. ನನ್ನ ಕಾಲು ನೋಡ್ಬಾರ್ದು."

"ಆಯ್ತಮ್ಮಾ."

"ನೀವು ನೋಡ್ತೀರಿ. ನನಗೆ ಗೊತ್ತು."

ಮಾಸ್ಟರು ಯೋಚಿಸಿ, ಎದ್ದು, ಡ್ರಮ್ಮನ್ನೂ ಸ್ಟೂಲನ್ನೂ ತಿರುಗಿಸಿ ಗೋಡೆಗೆ ಮುಖಮಾಡಿ ಕೂತರು. ಗೋಡೆಯ ಮೇಲೆ ಕ್ಲಬ್ಬಿನ ಗಡಿಯಾರವಿತ್ತು. ಗುಂಡಣ್ಣ ಅಲುಗಾಡುವ ಕುರ್ಚಿಯಲ್ಲಿ, ಅಳಿಯ ಅಲುಗಾಡದ ಕುರ್ಚಿಯಲ್ಲಿ. ಹೊಲಿಗೆ ಮೆಷಿನ್ನಿನ ಕುರ್ಚಿಯ ಮೇಲೆ ಒಗೆದ ಬಟ್ಟೆಯ ರಾಶಿ. ಉಳಿದ ಜಾಗ ಎರಡು ಚಾಪೆಯಷ್ಟು.

ಹಾಡು ಹೊರಟಿತು. ಎಷ್ಟೋ ದಿನದ ಮೇಲೆ ಮಾಸ್ಟರು ಯಾರಿಗೂ ಕಾಯದೆ ಬಾರಿಸಿದರು. ಅವರ ಬೆನ್ನು ಕುಣಿಯುತ್ತಿತ್ತು. ಅಷ್ಟು ಚುರುಕಾದ ಕೈಯನ್ನು ನಮಗಾಗಿ ಎಷ್ಟು ಕಟ್ಟಿಹಾಕಿಕೊಂಡಿದ್ದರೋ! ಗುಂಡಣ್ಣನ ಕೆನ್ನೆ ಕೆಂಪಾಯಿತು, ಕಿಟಕಿಯ ಗಾಜು ಝಣಝಣ ಎಂದಿತು. ಎರಡನೆಯ ತಿರುವಿಗೇ ನಾನು ಹಿಂದೆ ಬಿದ್ದೆ. ಇವರು ಎಂದಿನಂತೆ ನಿಂತರು, ಕೈ ಬಿಗಿ ಮಾಡಿದರು. ಈ ಸಲ ಅದು ಯಾರಿಗಾಗಿ ಎಂದು ನನಗೆ ಗೊತ್ತಿತ್ತು. ಹಾಡು ತನ್ನ ಪಾಡಿಗೆ ಮುಂದೆ ಹೋಯಿತು, ನಾವು ನಮ್ಮ ಪಾಡಿಗೆ ಹಿಂದೆ ಉಳಿದೆವು. ಕೊನೆಯ ಸಾಲು ಆಗಿಹೋದಾಗ ನಾವಿನ್ನೂ ಹಾಡಿನ ನಡುವೆ ಎಲ್ಲೋ ಇದ್ದೆವು.

ಮಾಸ್ಟರ ಕೈಗೆ ಡ್ರಮ್ಮಿನ ಕಡ್ಡಿ ಬಿಟ್ಟು ಬ್ರಶ್ಶು ಬಂತು. ಮೆಲ್ಲಗೆ, ಬಟ್ಟೆ ಸವರಿದ ಹಾಗೆ.

"ಕೂತ್ರಾ ಅಮ್ಮಾ?" ಎಂದರು ಮಾಸ್ಟರು ಗೋಡೆಗೆ.

ಕೂರಲು ಕುರ್ಚಿ ಎಲ್ಲಿದೆ? ಗುಂಡಣ್ಣ ಊದುತ್ತಲೇ ಏಳಲು ನೋಡಿದ. ಇವರು ಕಣ್ಣಿನಲ್ಲೇ ಬೇಡವೆಂದರು.

"ಇನ್ನೂ ಇಲ್ಲ ಮಾಸ್ಟರ್," ಎಂದೆ.

ಮಾಸ್ಟರ ಹೆಂಡತಿ ಬಟ್ಟೆಯ ರಾಶಿ ತೆಗೆದು ಕುರ್ಚಿ ಖಾಲಿ ಮಾಡಲೆಂದು ಬಂದವರು, ಇನ್ನೂ ಕುಣಿಯುತ್ತಿದ್ದ ನಮ್ಮನ್ನು ಒಮ್ಮೆ ನೋಡಿ, ರಾಶಿಯಿಂದ ಒಂದು ಅಂಗಿಯನ್ನಷ್ಟೇ ಎತ್ತಿಕೊಂಡರು. ಅದನ್ನು ಕೊಡವಿ, ತೋಳು ಜೋಡಿಸಿ, ನಿಧಾನವಾಗಿ ಮಡಚಿದರು. ಮಡಿಕೆ ಸರಿಯಾಗಿಲ್ಲವೆಂಬಂತೆ ಬಿಚ್ಚಿ ಮತ್ತೆ ಮಡಚಿದರು. ರಾಶಿಯಲ್ಲಿ ಇನ್ನೂ ಬಹಳ ಬಟ್ಟೆಗಳಿದ್ದವು.